ಹದಿಮೂರನೆಯ ಬುಟ್ಟಿ

ಐದು ರೊಟ್ಟಿ, ಎರಡು ಮೀನು, ಉಂಡವರು ಐದು ಸಾವಿರ,
ಉಳಿದ ತುಂಡು ಹನ್ನೆರಡು ಬುಟ್ಟಿ.
ಬೈಬಲಿನ ಲೆಕ್ಕ ಅಲ್ಲಿಗೆ ಮುಗಿಯಿತು.
ನಮ್ಮ ಬ್ಯಾಂಡಿನ ಹೆಸರು ಹದಿಮೂರನೆಯ ಬುಟ್ಟಿ.

ಇಟ್ಟವನು ಕಾರ್ವಿನ್. ಅದರೊಳಗೇನಿದೆ ಎಂದು
ರೇಡಿಯೋದವರು ಕೇಳಿದಾಗಲೆಲ್ಲ ಒಂದೊಂದು ಸುಳ್ಳು:
ಟೊಲೀಡೋದಲ್ಲಿ, ಮೀನಿನ ಮುಳ್ಳು.
ಫೋರ್ಟ್ ವೇನ್‌ನಲ್ಲಿ, ಆ ಹುಡುಗನ ಹಸಿವು.
ಬುತ್ತಿ ಕೊಟ್ಟನಲ್ಲ, ಅವನೂ ಉಂಡನೆಂದು
ಯಾರೂ ಬರೆದಿಲ್ಲ ನೋಡಿ, ಅನ್ನುತ್ತಿದ್ದ.

ಡ್ರಮ್ ನನ್ನದು. ಬೇಸ್ ಗಿಟಾರು ತಂಗಿ ಯಾನೆಕಳದು.
ಮಿಶಿಗನ್ನಿನ ಝೀಲ್ಯಾಂಡಿನಲ್ಲಿ ಚರ್ಚಿನ ನೆಲಮಾಳಿಗೆ,
ಬಾಯ್ಲರಿನ ಪಕ್ಕ, ಒಡೆದ ಕುರ್ಚಿಗಳ ನಡುವೆ ತಾಲೀಮು.
ಬೀಗ ತೆಗೆಯುತ್ತಿದ್ದವನು ಗಂಟೆ ಹೊಡೆಯುವ ಮುದುಕ ಹೆಸ್ಸೆಲ್.
ಅವನ ಎಡಗಿವಿ ಕೊರಿಯಾದ ಯುದ್ಧದಲ್ಲೇ ಹೋಗಿತ್ತು;
ಬಲಗಿವಿಗೆ ಹತ್ತಿ ತುರುಕಿ, ಮೆಟ್ಟಿಲ ಮೇಲೆ ಕೂತು
ಮೊಟ್ಟೆಯ ಸ್ಯಾಂಡ್‌ವಿಚ್ ತಿನ್ನುತ್ತ ಪೂರ್ತಿ ಕೇಳುತ್ತಿದ್ದ.

ಈ ಸದ್ದಿಗೆ ಪವಿತ್ರಾತ್ಮ ಹೇಗೆ ಇಳಿದೀತು, ಎಂದರು ಹಿರಿಯರು.
ಬಿಯರ್ ಮಾರುವ ಹೊತ್ತಿಗೆ ಕೀರ್ತನೆಯೇ, ಎಂದರು ಬಾರಿನವರು.
ಎರಡು ಮನೆಯ ನೆಂಟ ಉಪವಾಸ.
ನ್ಯಾಶ್‌ವಿಲ್ಲಿನ ಕಂಪನಿಯವನು ಪೆನ್ಸಿಲ್ ಹಿಡಿದು
ಯೇಸುವಿನ ಹೆಸರು ಎಣಿಸಿದ: ಹಾಡಿಗೆ ನಾಲ್ಕಾದರೂ ಇರಲಿ.
ಶಿಕಾಗೋದವನು ಎಣಿಸಿ ಹೇಳಿದ: ಒಂದೂ ಬೇಡ.
ಕಾರ್ವಿನ್ ಎಲ್ಲವನ್ನೂ ಹೊಡೆದು 'ನೀನು' ಎಂದು ಬರೆದ.
ಆರಬೇಡ ನೀನು, ನಾನು ಬರುವತನಕ ಆರಬೇಡ.
ಅವರು ಹುಡುಗಿ ಎಂದುಕೊಂಡರು. ಇವರು ದೇವರು ಎಂದುಕೊಂಡರು.
ಅದೊಂದೇ ಹಾಡು ಓಡಿತು.
ಬಾಯ್ಲರಿಗೆ ಬರೆದದ್ದು ಎಂದು ನಾವು ಮೂವರೂ ಬಾಯಿ ಬಿಡಲಿಲ್ಲ.

ಹನ್ನೊಂದು ವರ್ಷ. ಒಂದೇ ವ್ಯಾನು, ಮೂರು ಎಂಜಿನ್ನು.
ಅಯೋವಾದ ಶಿಬಿರಗಳಲ್ಲಿ ಕೈಯೆತ್ತಿ ಅಳುವ ಹುಡುಗರು.
ಅವರ ಕಣ್ಣೀರು ನಿಜ. ನನ್ನ ಅಂಗೈಯ ಗುಳ್ಳೆಯೂ ನಿಜ.
ಈ ರಾತ್ರಿ ಮೂವತ್ತೇಳು ಆತ್ಮ, ಎಂದು ಪಾಸ್ಟರು ಚೀಟಿ ಎಣಿಸುವಾಗ
ನಮಗೆ ಇನ್ನೂರು ಡಾಲರು, ತಣ್ಣಗಾದ ಪಿಜ್ಜಾ.

ಒಮಾಹಾ ದಾಟಿದ ಮೇಲೆ, ಪೆಟ್ರೋಲ್ ಬಂಕಿನಲ್ಲಿ, ರಾತ್ರಿ ಎರಡಕ್ಕೆ
ಕಾರ್ವಿನ್ ಹೇಳಿದ: ಆರು ತಿಂಗಳಾಯಿತು,
ಪ್ರಾರ್ಥನೆಯಲ್ಲಿ ಬರೀ ತುಟಿ ಆಡಿಸುತ್ತಿದ್ದೇನೆ.
ಅತ್ತ ಯಾರೂ ಇಲ್ಲ.
ಯಾನೆಕ ಚಿಪ್ಸಿನ ಪೊಟ್ಟಣ ಅವನತ್ತ ಚಾಚಿದಳು.
ನಾಳೆ ಲಿಂಕನ್‌ನಲ್ಲಿ ಐದಕ್ಕೇ ಸೌಂಡ್ ಚೆಕ್, ಅಂದಳು, ಅಷ್ಟೇ.
ಮರುದಿನ ಅವನು ಹಾಡಿದ್ದನ್ನು
ನಾನು ಹಿಂದೆ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.
ಕಡ್ಡಿ ನನ್ನ ಕೈಯಿಂದ ಜಾರಿ ಎರಡು ಪೆಟ್ಟು ತಪ್ಪಿತು.
ಅದನ್ನು ಯಾವ ಬುಟ್ಟಿಗೆ ಹಾಕಲಿ?

ಜಗಳವಾಡಿ ಬಿಟ್ಟವರಲ್ಲ ನಾವು.
ಕಲಮಜೂ ಹತ್ತಿರ ಹಿಮದಲ್ಲಿ ವ್ಯಾನು ನಿಂತಿತು,
ನಾಲ್ಕನೆಯ ಎಂಜಿನ್ನಿನ ಮಾತು ಯಾರೂ ಎತ್ತಲಿಲ್ಲ.
ಕಾರ್ವಿನ್ ಟೂಸಾನ್‌ನಲ್ಲಿ ಬಣ್ಣದಂಗಡಿ ಇಟ್ಟ.
ಯಾನೆಕ ಕಿವುಡ ಮಕ್ಕಳ ಶಾಲೆಗೆ ಸೇರಿದಳು.
ನಾನು ಬಾಯ್ಲರು ರಿಪೇರಿ ಮಾಡುತ್ತೇನೆ,
ನಗಬೇಡಿ, ಬೇರೇನು ಬರುತ್ತಿತ್ತು ನನಗೆ.

ಕಳೆದ ಜನವರಿಯಲ್ಲಿ ಚರ್ಚಿನಿಂದ ಫೋನು: ಕೆಟ್ಟಿದೆ, ಬಾ.
ಹೆಸ್ಸೆಲ್ ಸತ್ತು ಒಂಬತ್ತು ವರ್ಷ.
ಮೆಟ್ಟಿಲ ಪಕ್ಕದ ಗೋಡೆಯ ಮೇಲೆ ಪೆನ್ಸಿಲ್ ಗೀಟು,
ನಾಲ್ಕು ನೆಟ್ಟಗೆ, ಐದನೆಯದು ಅಡ್ಡ,
ನಮ್ಮ ತಾಲೀಮಿನ ಒಂದೊಂದು ಸಂಜೆಗೂ ಒಂದು,
ಮೊಣಕಾಲಿನಿಂದ ತಲೆಯೆತ್ತರದವರೆಗೆ.
ಎಣಿಸಲು ಹೋಗಲಿಲ್ಲ. ಎಣಿಸುವವರನ್ನು ಸಾಕಷ್ಟು ನೋಡಿದ್ದೇನೆ.

ಕವಾಟ ಬದಲಿಸಿ, ಗ್ಯಾಸ್ ಬಿಟ್ಟು, ಕಡ್ಡಿ ಗೀರಿದೆ.
ಧಡ್. ಸ್ವಲ್ಪ ಬಿಟ್ಟು, ಧಡ್ ಧಡ್.
ನಮ್ಮ ಹಾಡಿನ ಮೊದಲ ಪೆಟ್ಟುಗಳು.
ಇಲ್ಲಿಂದಲೇ ಕದ್ದದ್ದೆಂದು ಮರೆತೇ ಹೋಗಿತ್ತು.
ಟೂಸಾನಿಗೆ ಫೋನು ಹಚ್ಚಿ, ಮಾತಾಡದೆ,
ಬೆಂಕಿಯ ಬಾಯಿಗೆ ಹಿಡಿದೆ.
ಆ ಕಡೆ ಗಿರಾಕಿಗಳ ಸದ್ದು. ಆಮೇಲೆ ಅದೂ ಇಲ್ಲ.
ತುಂಬ ಹೊತ್ತಾದ ಮೇಲೆ ಕಾರ್ವಿನ್ ಅಂದ:
ನಿಧಾನವಾಯಿತು.
ಯಾವಾಗಲೂ ಹಾಗೇ ಅನ್ನುತ್ತಿದ್ದ.