ಮೂರನೆಯ ಶನಿವಾರ

ಮೇ ತಿಂಗಳ ದುರ್ಗ. ರಾತ್ರಿ ಒಂಬತ್ತಾದರೂ
ಬಂಡೆಗಳು ಹಗಲನ್ನು ಬಿಟ್ಟುಕೊಡುವುದಿಲ್ಲ.
ನಾಲ್ಕು ಶನಿವಾರ, ನಾಲ್ಕು ನಾಟಕ,
ಬ್ಯಾನರಿನ ಮೇಲೆ ಒಂದೇ ಪದ: ಹೊರಗೆ.
ಅದನ್ನು ಕಟ್ಟಿದವನು ನಾನು. ಪ್ರಾಪರ್ಟಿ ಹುಡುಗ,
ವಯಸ್ಸು ನಲವತ್ತೊಂದು.

ಮೊದಲ ವಾರ ಕುಷ್ಠ ವಾಸಿಯಾಗಿ ಊರಿಗೆ ಮರಳಿದವನು,
ಎರಡನೆಯ ವಾರ ಜೈಲಿನಿಂದ ಮರಳಿದವನು.
ಮೂರನೆಯದಕ್ಕೆ ಗುಡ್ಲು ಬೇಕು ಎಂದರು ನಿರ್ದೇಶಕರು.
ಹಟ್ಟಿಯ ಮುಳ್ಳುಬೇಲಿಯಾಚೆ
ಹೊರಗಾದ ಹೆಂಗಸರು ಕೂರುವ ಗುಡ್ಲು.
ನೀಲಗಿರಿ ಗಳ, ತೆಂಗಿನ ಗರಿ, ಹುರಿ ತಂದು
ಚೆನ್ನಾಗಿಯೇ ಕಟ್ಟಿದೆ.
ಕೊನೆಯ ಸಾಲಿಗೂ ಕಾಣಬೇಕಲ್ಲ.

ಕೂರುವುದು ಹೇಗೆಂದು ತೋರಿಸಲು
ಹಿರಿಯೂರು ಕಡೆಯ ಹಟ್ಟಿಯಿಂದ ಕ್ಯಾತಮ್ಮ ಬಂದಳು,
ಸೆರಗಿನ ಗಂಟಿನಲ್ಲಿ ಆಧಾರ್ ಕಾರ್ಡೂ ಸೊನ್ನೆ ರೂಪಾಯಿಯ ಟಿಕೀಟೂ.
ಗುಡ್ಲಿನೊಳಗೆ ಹೊಕ್ಕಳು, ಹೊರಬಂದು ನಕ್ಕಳು:
"ಕಾಲು ನೀಡಂಗೈತಲ್ಲಪ್ಪ! ಇದು ಮನೆ ಕಣೋ."

ಅಂದಿನಿಂದ ದಿನಕ್ಕೊಂದು ಗೇಣು ಕೊಯ್ದೆ.
ಭುವನಾ ಮಂಡಿಯನ್ನು ಎದೆಗೊತ್ತಿ ಕೂತು
ಅಳುವುದನ್ನು ಕಲಿತಳು.
"ಅಳೋದ್ಯಾಕೆ?" ಕ್ಯಾತಮ್ಮನಿಗೆ ತಿಳಿಯಲಿಲ್ಲ.
"ಇಬ್ಬರು ಮೂವರಿದ್ರೆ ಚೌಕಾಬಾರ ಆಡ್ತಿದ್ವಿ.
ಒಬ್ಬಳೇ ಆದ್ರೆ
ಎದುರಿನೋಳ ಪಾಲಿನ ಹುಣಸೇಬೀಜಾನೂ ನಾನೇ ಚೆಲ್ತಿದ್ದೆ.
ಗೆದ್ದೋಳೂ ನಾನೇ, ಸೋತೋಳೂ ನಾನೇ.
ಈಗ ನಂದೆಲ್ಲ ನಿಂತು ನಾಕು ವರ್ಷಾತು ಬಿಡು."
ನಿರ್ದೇಶಕರು ಅದನ್ನು ಡೈರಿಯಲ್ಲಿ ಬರೆದುಕೊಂಡರು.
ಅಳು ಮಾತ್ರ ಉಳಿಯಿತು,
ಅದರ ಕೊಳಲು ಆಗಲೇ ರೆಕಾರ್ಡ್ ಆಗಿತ್ತು.

ಶನಿವಾರ ಹೌಸ್‌ಫುಲ್. ಮೆಟ್ಟಿಲ ಮೇಲೂ ಜನ.
ಮುಗಿದ ಮೇಲೆ ದೀಪ ಹೊತ್ತಿಸಿ ಆಕೆಯನ್ನು ಮೇಲೆ ಕರೆದರು.
ಕಾಲೇಜಿನ ಮೇಡಂ ಒಬ್ಬರು ಮೈಕು ಹಿಡಿದು
"ನೋಡಿ ಏನನಿಸಿತಮ್ಮ?" ಎಂದರು.
ಕ್ಯಾತಮ್ಮ ಬಹಳ ಹೊತ್ತು ಮೈಕನ್ನೇ ನೋಡಿದಳು.
"ಲೈಟು ಚೆನ್ನಾಗಿತ್ತು."
ಚಪ್ಪಾಳೆ. ಶಾಲು. ಗಂಧದ ಹಾರ.

ಹತ್ತೂವರೆ. ಹಟ್ಟಿಯ ಕಡೆಗೆ ಬಸ್ಸಿಲ್ಲ.
"ಅಮ್ಮನ ವ್ಯವಸ್ಥೆ?" ಎಂದರು ನಿರ್ದೇಶಕರು, ಯಾರನ್ನೂ ನೋಡದೆ.
"ನೋಡ್ಕೋತೀವಿ ಸಾರ್," ಯಾರದೋ ದನಿ.
ಸ್ಕೂಟರುಗಳು ಒಂದೊಂದೇ ಒದೆ ತಿಂದು ಹೊರಟವು.
ಭುವನಾಳ ಅಪ್ಪ ಕಾರು ತಂದಿದ್ದರು,
ಹಿಂದಿನ ಸೀಟಿನ ತುಂಬ ಹೂಗುಚ್ಛ.

ನನ್ನ ಮನೆ ಬುರುಜನಹಟ್ಟಿ. ನಡೆದರೆ ಹತ್ತು ನಿಮಿಷ.
ಎರಡು ಕೋಣೆ, ಒಂದು ಫ್ಯಾನು, ಒಬ್ಬಳು ಅವ್ವ.
ಬಾಗಿಲಲ್ಲೇ ಅವ್ವ ಕೇಳುವ ಪ್ರಶ್ನೆ ನನಗೆ ಗೊತ್ತು,
ಯಾವ ಪೈಕಿ?
ಬೀಗದ ಕೈಗೊಂಚಲನ್ನು
ಈ ಕೈಯಿಂದ ಆ ಕೈಗೆ ಚೆಲ್ಲುತ್ತ ನಿಂತೆ,
ಎರಡೂ ಕಡೆಯ ಆಟ ನಾನೊಬ್ಬನೇ ಆಡುತ್ತ.

ಅವಳೇ ಪಾರು ಮಾಡಿದಳು:
"ನೀನು ಹೋಗಪ್ಪ, ನಿಮ್ಮವ್ವ ಕಾಯ್ತಿರ್ತಾಳೆ.
ಗುಡ್ಲೈತಲ್ಲ."

ಹೊಸ ಶಾಲನ್ನು ಮಡಿಸಿ ತಲೆಗಿಟ್ಟುಕೊಂಡು
ನಾನು ಕೊಯ್ದು ಕೊಯ್ದು ಕಿರಿದಾಗಿಸಿದ್ದರೊಳಗೆ ಮಲಗಿದಳು.
ಬಾಗಿಲಾಚೆ ಉಳಿದವು ಎರಡು ಪಾದ,
ಒಡೆದ ಹಿಮ್ಮಡಿ, ಸವೆದ ಕಾಲುಂಗುರ.
"ಆ ಒಂದು ಲೈಟು ಇರಲಿ."
ಬಿಟ್ಟೆ. ಭುವನಾ ಅಳುವಾಗ ಹಾಕುತ್ತಿದ್ದ ಅಂಬರ್ ಬಣ್ಣದ್ದು.
ಆಮೇಲೆ ಹೊರಗಿನಿಂದ ಬೀಗ ಹಾಕಿದೆ.
ರಂಗಮಂದಿರದ ನಿಯಮ.

ಬೆಳಿಗ್ಗೆ ಬಾಗಿಲು ತೆಗೆದರೆ
ರಂಗವನ್ನೆಲ್ಲ ಗುಡಿಸಿದ್ದಳು.
ಬಾಗಿಲ ಹಿಂದೆಯೇ ನಿಂತಿದ್ದಳು, ಎಷ್ಟು ಹೊತ್ತಿನಿಂದಲೋ,
ಚಪ್ಪಲಿಯನ್ನು ಕೈಯಲ್ಲಿ ಹಿಡಿದು.
ಚಾ ಕುಡಿಸಿದೆ. ಮೊದಲ ಬಸ್ಸಿಗೆ ಹತ್ತಿಸಿದೆ.
ಕಿಟಕಿಯಿಂದ ಏನೋ ಅಂದಳು, ಇಂಜಿನ್ನಿನ ಸದ್ದಿಗೆ ಕೇಳಲಿಲ್ಲ.

ಸೋಮವಾರ ಇಲಾಖೆಗೆ ಲೆಕ್ಕ ಬರೆಯಬೇಕಿತ್ತು.
ಗರಿ, ಗಳ, ಹಾರ, ಶಾಲು, ಮೈಕಿನ ಬಾಡಿಗೆ.
ವಸತಿ ಎಂಬ ಖಾನೆಯ ಹತ್ತಿರ ಪೆನ್ನು ನಿಂತಿತು.
ಒಬ್ಬರು, ಒಂದು ರಾತ್ರಿ, ಎಂದು ಬರೆದೆ.
ಖರ್ಚು ಇಲ್ಲ.

ನಾಲ್ಕನೆಯ ನಾಟಕಕ್ಕೆ ಮಂಚ ಬೇಕಂತೆ.
ಗುಡ್ಲು ಬಿಚ್ಚಿದೆ. ಅವೇ ಗಳ.
ಉದ್ದ ಸಾಲುತ್ತಿಲ್ಲ.