ಉಳಿದ ಲೆಟರ್‌ಹೆಡ್ಡು

ಎಣಿಕಿ ಮುಗದ ಮರುದಿನ, ಸೋಮವಾರ,
ಐವಾನ್-ಎ-ಶಾಹಿ ರೋಡಿನ ದಫ್ತರದ ಬೀಗ
ನಾನೊಬ್ಬನೇ ತಗದೆ.
ದಿನಾ ಇಪ್ಪತ್ತು ಕಪ್ಪು ಚಹಾ ತರೋ ಬಾಬುಮಿಯಾ
ಬಾಗಿಲದಾಗ ನಿಂತು ಒಳಗ ಹಣಿಕಿ ಹಾಕಿ
ಎರಡು ಇಟ್ಟು ಹೋದ.
ಬಾಕಿ ರೊಕ್ಕ ಕೇಳಲಿಲ್ಲ. ಅದೇ ನನಗ ಚುಚ್ಚಿತು.

ಶಹಾಬಾದ್ ಫರಸಿ ಮ್ಯಾಲ
ಮೊನ್ನಿ ಬಂದ ಮಂದಿ ಚಪ್ಪಲಿ ಮಣ್ಣು ಹಂಗೇ ಇತ್ತು.
ಕಪಾಟಿನ್ಯಾಗ ಲೆಟರ್‌ಹೆಡ್ಡು: ಎರಡು ಬಂಡಲ್ ಪೂರಾ, ಒಂದು ಅರ್ಧ.
ಯುಗಾದಿ ಮುಂದ ನಾನೇ ಛಾಪಿಸಿದ್ದು.
'ಐದುನೂರು ಸಾಕಲ್ಲ' ಅಂದಿದ್ದ ಪ್ರೆಸ್ಸಿನ ಮಾಣಿಕರಾವ.
'ಸಾವಿರ ಹೊಡಿ' ಅಂದಾಂವ ನಾನು.
ಮೂರು ಸಿಂಹ, ಕೆಳಗ ಹೆಸರು, ಹೆಸರಿನ ಕೆಳಗ
ಹಸಿರು ಅಕ್ಷರದಾಗ: ಲೋಕಸಭಾ ಸದಸ್ಯರು.
ಮುಟ್ಟಿದ್ರ ಇನ್ನಾ ಬೆರಳಿಗೆ ಹತ್ತಂಗ ಇತ್ತು ಹಸಿರು.

ಹನ್ನೊಂದಕ್ಕ ಸಾಹೇಬ್ರು ಬಂದ್ರು, ತಾವೇ ಕಾರು ಹೊಡಕೊಂಡು.
ಹದಿನೈದು ವರ್ಷದಾಗ ಅವರು ರಿವರ್ಸ್ ತಗೊಂಡದ್ದು ನಾ ನೋಡಿದ್ದಿಲ್ಲ.
ಬೇವಿನ ಗಿಡಕ್ಕ ಬಂಪರ್ ತಾಕಿಸಿ, ಇಳದು,
ಗಿಡ ಸವರಿದ್ರು.
ಖುರ್ಚಿ ಮ್ಯಾಲ ಕೂಡಲಿಲ್ಲ. ಮಂದಿ ಕೂಡೋ ಬೆಂಚಿನ ತುದೀಗೆ ಕುಂತು
'ಸೇಡಂ ಎಷ್ಟು ಬಂತು?' ಅಂದ್ರು.
ಹೇಳಿದೆ.
'ಜೇವರ್ಗಿ?'
ಹೇಳಿದೆ.
ಮ್ಯಾಲ ಫ್ಯಾನು ಬಿಸಿಗಾಳಿ ಹಂಚಲಿಕತ್ತಿತ್ತು.

ಆಗ ಬಂದಾಕಿ ಸೂಗಮ್ಮ.
ಕೈಯಾಗ ಪ್ಲಾಸ್ಟಿಕ್ ಚೀಲ, ಚೀಲದಾಗ ಗಂಡನ ಗಂಟಲದ ಫೋಟೋ.
'ಮುಂಬೈ ಟಾಟಾ ದವಾಖಾನ್ಯಾಗ ನಾಳಿಗೇ ತಾರೀಖ ಅದರಿ.
ಹುಸೇನಸಾಗರ ಗಾಡಿ. ವೇಟಿಂಗ್ ಅರವತ್ತೆರಡು.
ಎಂಪಿ ಸಾಹೇಬ್ರ ಚೀಟಿ ಇದ್ರ ಸೀಟು ಆಗ್ತದಂತ.'

ನಾನು ಬಾಯಿ ತಗದೆ. ಏನಂತ ಹೇಳಲಿ,
ಚೀಟಿ ಕೊಡೋರದೇ ಸೀಟು ಹೋಗ್ಯಾದಂತ?
ಸಾಹೇಬ್ರು ಕೈ ಮಾಡಿ ತಡದ್ರು. ರೂಢಿ ಬಿಡಲಿಲ್ಲ, ಕೇಳಿದ್ರು:
'ಯಾ ಊರವ್ವ?'
'ನಾಲವಾರರಿ.'
ನಾಲವಾರ. ನಮ್ಮನ್ನ ಅಂಗಾತ ಮಲಗಿಸಿದ ಊರು.
ಸುದ್ದಿ ಆಕಿಗೂ ಮುಟ್ಟಿತ್ತು. ಸೆರಗು ಹಣಿತನ ಎಳಕೊಂಡು ಅಂದಳು:
'ಸುಳ್ಳ್ಯಾಕ ಹೇಳಲಿ ಎಪ್ಪಾ, ನಾ ನಿಮಗ ಒತ್ತಿಲ್ಲ.'

ಸಾಹೇಬ್ರು ನಕ್ಕರು.
ಹೊಟ್ಟಿ ಹಿಡಕೊಂಡು, ಕೆಮ್ಮು ಬರೂತನ ನಕ್ಕರು.
ಹಿಂದಿನ ರಾತ್ರಿ ಮನಿಗೆ ಬಂದ ನೂರು ಮಂದ್ಯಾಗ
ಒಬ್ಬನೂ ಈ ಮಾತು ಅಂದಿದ್ದಿಲ್ಲ,
ಎಲ್ಲಾರೂ ಒತ್ತಿದವರೇ.

'ಬರಿ,' ಅಂದ್ರು ನನಗ.
'ಹಳೇ ಸಭಾ ವಿಸರ್ಜನ ಆಗೋತನ ನಾನೇ ಇದೀನಿ.
ಸಂಜೀತನ ಇದ್ದೇನು. ಲಗೂನ ಬರಿ.'
ಸಹಿ ಮಾಡೂಮುಂದ ಪೆನ್ನು ಒಂದು ಗಳಿಗಿ ನಿಂತಿತು,
ಫಾಟಕ ಬಿದ್ದಾಗಿನ ಬಂಡಿಯಂಗ.
ಆಮ್ಯಾಲ ದಾಟಿತು.
ಸೊಲ್ಲಾಪುರಕ್ಕ ಫ್ಯಾಕ್ಸು ಹೋತು.
ಅಲ್ಲಿ ಯಾರ ಕೈಗೆ ಬಿತ್ತೋ, ಅಂವ
ಅವತ್ತಿನ ಪೇಪರ್ ಓದಿದ್ದನೋ ಇಲ್ಲೋ.

ಚಾರ್ಟು ಆತು. ಎಸ್-ಐದು, ಹದಿನೇಳು ಮತ್ತ ಇಪ್ಪತ್ತು,
ಎರಡೂ ಕೆಳಗಿನವು.
ಫೋನು ಹಚ್ಚಿ ಹೇಳಿದೆ. 'ಯಾರ ಪುಣ್ಯೇನೋ' ಅಂದಳು ಸೂಗಮ್ಮ,
ಸಾಹೇಬ್ರ ಹೆಸರು ಎತ್ತಲಿಲ್ಲ. ನಾನೂ ನೆಪ್ಪು ಮಾಡಲಿಲ್ಲ.

ತಿಂಗಳದಾಗ ದಿಲ್ಲಿ ಮನಿ ಖಾಲಿ ಮಾಡಬೇಕು.
ಮೊನ್ನಿ ಸಾಹೇಬ್ರು ಅಂದ್ರು, 'ಕೆಕೆ ಗಾಡಿಗೆ ನಂದೊಂದು ಟಿಕೀಟ ತಗಸು.'
'ವೇಟಿಂಗ್ ಅದರಿ. ಒಂಬತ್ತು.'
ಇಬ್ಬರೂ ಕಪಾಟಿನ ಕಡಿ ನೋಡಿದಿವಿ.
ಖಾಲಿ. ಲೆಟರ್‌ಹೆಡ್ಡಿನ ತಲಿ ಅಷ್ಟೂ ಕತ್ತರಿಸಿ ಸುಟ್ಟು
ಉಳಿದ ಬಿಳಿ ಹಾಳಿ ನಾ ಮನಿಗೆ ಒಯ್ದಿದ್ದೆ.
ನನ್ನ ಮಗಳು ಅದರ ಮ್ಯಾಲ ಭಾಗಾಕಾರ ಮಾಡ್ತಾಳ,
ಶೇಷ ಉಳಿದದ್ದಕ್ಕ ಗೋಲ ಸುತ್ತತಾಳ.

'ಇರಲಿ,' ಅಂದ್ರು ಸಾಹೇಬ್ರು, 'ವೇಟಿಂಗ್‌ದಾಗೇ ತಗಸು.
ಒಂಬತ್ತೇ ಅಲ್ಲೇನು.'