ನೀಲಿಕಲ್ಲಿನ ಗಡ್ಡ

ಡಿಸೆಂಬರಿನ ಕೊನೇ ಶುಕ್ರವಾರ. ಕೋಡಿಬಾಗದ ಲ್ಯಾಬಿನಲ್ಲಿ
ಬಿಳಿ ಹಲಗೆ ಒರೆಸಿ ಡಾಕ್ಟರು ನಫೀಸಾ ಶಾಬಂದ್ರಿ
ಬರುವ ವರ್ಷದ್ದನ್ನು ಬರೆಯುತ್ತಾರೆ.
ಜನವರಿ: ಮಾದರಿ ಸಂಗ್ರಹ.
ಮಾರ್ಚ್: ಯಂತ್ರ ಬರಬೇಕು.
‘ಬರಬೇಕು’ ಎಂಬುದರ ಅಡಿಗೆ ಎರಡು ಗೆರೆ.
ಅಕ್ಟೋಬರಿನ ಚೌಕದಲ್ಲಿ ಬರೀ ಪ್ರಶ್ನೆಚಿಹ್ನೆ,
ದೊಡ್ಡದು, ಗಾಳದ ಹಾಗೆ.

ನಾನು ದೋಣಿಯವ, ವಿಠೋಬಾ ತಾಂಡೇಲ.
ಕಡತದಲ್ಲಿ ‘ಕ್ಷೇತ್ರ ಸಹಾಯಕ, ದಿನಗೂಲಿ’.
ಚಹಾದ ಹೊತ್ತಿಗೆ ಹುಡುಗರು ಫೋನು ನೋಡಿ ಹೇಳುತ್ತಾರೆ,
ಬರುವ ವರ್ಷ ಜಗತ್ತಿನಲ್ಲಿ ಏನೇನೋ ಆಗಲಿದೆಯಂತೆ:
ಚಂದ್ರನತ್ತ ಹೊರಟವರಿದ್ದಾರೆ,
ರಕ್ತದ ಒಂದೇ ಹನಿಯಲ್ಲಿ ಹತ್ತು ವರ್ಷ ಮುಂದಿನ ಕಾಯಿಲೆ ಓದುವವರು,
ಸೂರ್ಯನ ಉರಿಯನ್ನು ಡಬ್ಬಿಗೆ ತುಂಬುವವರು.
ನಮ್ಮ ಪಾಲಿಗೆ ಬಂದದ್ದು ಗಡ್ಡ.

ನೀಲಿಕಲ್ಲಿನ ಗಡ್ಡ.
ಚಿಪ್ಪಿನ ಬಾಯಿಂದ ಹೊರಬಂದ ಕಂದು ದಾರಗಳು,
ಬಂಡೆ ಹಿಡಿದುಕೊಂಡಿರುವುದು ಅದರಿಂದಲೇ.
ಆಯಿ ನಲವತ್ತು ವರ್ಷ ಅದನ್ನು ಕಿತ್ತು ಕಿತ್ತು
ಹಿತ್ತಲ ಬೂದಿಗುಡ್ಡೆಗೆ ಎಸೆದಳು.
ಈಗ ಅದನ್ನೇ ಇಲ್ಲಿ ಮಿಲಿಗ್ರಾಮಿನಲ್ಲಿ ತೂಗುತ್ತಾರೆ,
ತೂಗುವಾಗ ಫ್ಯಾನು ಆರಿಸುತ್ತಾರೆ,
ಉಸಿರೂ ಹಿಡಿಯುತ್ತಾರೆ.

ಒದ್ದೆಯಲ್ಲೇ ಅಂಟುವ ಅಂಟು ಇದೊಂದೇ, ಡಾಕ್ಟರು ಹೇಳಿದ್ದು,
ನಮ್ಮ ಅಂಟೆಲ್ಲ ನೀರು ಕಂಡರೆ ಸೋಲುತ್ತದೆ.
ಇದು ಕೈಗೆ ಸಿಕ್ಕರೆ ಗಾಯಕ್ಕೆ ಹೊಲಿಗೆ ಬೇಡ,
ಕೂಸಿನ ಹೃದಯದ ತೂತಿಗೂ ಒಂದು ಚುಕ್ಕೆ ಸಾಕು.
ಅಂಟುವುದು ಹೇಗೆಂದು ಬೇರೆಯವರು ಆಗಲೇ ಅರ್ಧ ಬಿಡಿಸಿದ್ದಾರೆ.
ನಮ್ಮ ಪ್ರಶ್ನೆ ಅದಲ್ಲ, ವಿಠೋಬಾ.
ಗಾಯ ಮಾಗಿದ ಮೇಲೆ ಅಂಟು ಬಿಡಬೇಕಲ್ಲ?
ಬಿಡುವುದು ಹೇಗೆ?

ಬಿಡುವುದು ಕೇಳಬೇಕಾದರೆ ಆಯಿಯನ್ನೇ ಕೇಳಬೇಕು.

ತೋಡೂರಿನ ಕಾಲನಿ, ಮೂರನೇ ಸಾಲು, ಸಿಮೆಂಟು ಶೀಟಿನ ಮನೆ.
ಶೇವಂತಿ, ವಯಸ್ಸು ಆಧಾರಿನಲ್ಲಿ ಎಪ್ಪತ್ತೊಂದು,
ಅವಳ ಲೆಕ್ಕದಲ್ಲಿ ಇನ್ನೂ ಜಾಸ್ತಿ.
ಡಾಕ್ಟರು ಅವಳ ಅಂಗೈ ಹಿಡಿದು ಬೆಳಕಿಗೆ ತಿರುಗಿಸಿದರು:
ಚಿಪ್ಪು ಕೊಯ್ದ ಗೆರೆಗಳು, ಹಣೆಬರಹದ ಗೆರೆಗಿಂತ ಆಳ.
ಹೊಲಿಗೆ?
ಎಲ್ಲಿಯ ಹೊಲಿಗೆ, ಅರಿಶಿನ, ಉಪ್ಪುನೀರು.

‘ಎಳದ್ರೆ ಅದು ಬಿಡೂದಿಲ್ಲ, ಬಾಯಿ.
ಎಳದಷ್ಟೂ ಹಟ.
ಅದಕ್ಕೇ ಬೇಜಾರು ಬಂತು ಅಂದ್ರೆ ಮಾತ್ರ
ರಾತ್ರಿ ಬೆಳಗಾಗೂದ್ರೊಳಗೆ ತಾನೇ ಹೋಗ್ತದೆ.
ದಾರ ಬಂಡೆ ಮೇಲೇ ಇರ್ತದೆ.’

ಯಾವ ಬಂಡೆ?
‘ಅರ್ಗಾದ್ದು. ಈಗ ಗೋಡೆ ಆಚೆ.’

ನೌಕಾನೆಲೆಯ ಗೋಡೆ ಬರುವ ಮೊದಲು ನಾವು ಅಲ್ಲಿದ್ದೆವು.
ಲಾರಿಯಲ್ಲಿ ಬಂದದ್ದು ನನಗೆ ನೆನಪಿದೆ:
ಬಲೆ, ತಗಡು, ಅಜ್ಜನ ಮರಗಾಲು, ಒಂದು ಬೆಕ್ಕು.
ಬೆಕ್ಕು ಬೈತಖೋಲ ದಾಟುವ ಮೊದಲೇ ಜಿಗಿದು ಹಿಂದೆ ಓಡಿತು.

ಡಾಕ್ಟರು ಅರ್ಜಿ ಹಾಕಿದ್ದಾರೆ.
ಮೂವತ್ತು ವರ್ಷ ಯಾರೂ ಕೆರೆಯದ ಬಂಡೆ,
ಅಲ್ಲಿಯ ನೀಲಿಕಲ್ಲು ಎಷ್ಟು ದಪ್ಪವೋ, ಎಷ್ಟು ಹಟವೋ!
ಮೊದಲ ಉತ್ತರ: ಪರಿಶೀಲನೆಯಲ್ಲಿದೆ.
ಎರಡನೆಯದು: ಪರಿಶೀಲನೆಯಲ್ಲಿದೆ.
ಹೃದಯದ ತೂತು ಮುಚ್ಚುವ ಅಂಟು
ಸದ್ಯಕ್ಕೆ ಒಂದು ಗೇಟ್‌ಪಾಸಿನ ಮೇಲೆ ನಿಂತಿದೆ.
ಪಾಸಿನಲ್ಲಿ ಮೂರು ಹೆಸರು. ಮೂರನೆಯದು ಆಯಿಯದು,
ಹುದ್ದೆಯ ಜಾಗದಲ್ಲಿ ಡಾಕ್ಟರು ಬರೆದದ್ದು ‘ತಜ್ಞೆ’.
ಓದಿ ಹೇಳಿದೆ. ಹಾಗಂದ್ರೆ ಎಂತದು? ಎಂದಳು.
ತಿಳಿದವಳು, ಎಂದೆ.
‘ಕೂಲಿ ಎಷ್ಟು?’

ಇವತ್ತು ಬೆಳಿಗ್ಗೆ ಬೀಗ ತೆಗೆದವ ನಾನೇ.
ಗಾಜಿನ ತೊಟ್ಟಿಯಲ್ಲಿ ಹನ್ನೊಂದನೇ ನಂಬರಿನ ನೀಲಿಕಲ್ಲು
ಸೇತುವೆಯ ಕಂಬದಿಂದ ಮೊನ್ನೆ ತಂದದ್ದು,
ನಿನ್ನೆ ಇದ್ದಲ್ಲಿ ಇಲ್ಲ.
ನಾಲ್ಕು ಬೆರಳು ಮೇಲೆ, ಮೂಲೆಯಲ್ಲಿ,
ಹೊಸ ದಾರ ಹಾಕಿ ಕೂತಿದೆ.
ಹಳೆಯ ಜಾಗದಲ್ಲಿ ಗಾಜಿನ ಮೇಲೆ
ಏಳೋ ಎಂಟೋ ಎಳೆ, ತುದಿಯಲ್ಲಿ ಏನೂ ಇಲ್ಲದೆ
ಪಂಪಿನ ನೀರಿಗೆ ಆಡುತ್ತಿವೆ.

ಶನಿವಾರ ತೊಟ್ಟಿ ಒರೆಸುವ ದಿನ.
ಬಟ್ಟೆ ಹಿಂಡಿಕೊಂಡು ಹೋದವ
ಆ ಒಂದು ಕಡೆ ಬಿಟ್ಟು ಒರೆಸಿದೆ.